ಹಿಂದಿನ ಶೆಡ್ಡಿನ ಗಾಳಿ ಲೈನು

ಸೋಪುವನ್ನು ಕಳಿಸಿಕೊಡಲು ಹದಿನೇಳು ವರ್ಕ್‌ಶಾಪುಗಳಿಂದ ಜನ ಬಂದಿದ್ದರು. ನಾನು ಎಣಿಸಿದೆ. ಟೈರಿನ ಅಂಗಡಿಯವರು, ಕಾರಿಗೆ ಬಣ್ಣ ಹೊಡೆಯುವವರು, ಬಡಗಿಗಳು, ಹಲ್ಲಿನ ಡಾಕ್ಟರ ಹತ್ತಿರ ಕೆಲಸ ಮಾಡುವ ಒಬ್ಬ ಹೆಂಗಸು. ಮೂವತ್ತು ವರ್ಷಗಳಿಂದ ಗೆಳೆಯನಾಗಿದ್ದವನು ಕಣ್ಣು ಮುಚ್ಚಿ ಮಲಗಿದ್ದಾನೆ, ನಾನು ಗೋಡೆಗೆ ಒರಗಿ ತಲೆ ಎಣಿಸುತ್ತಿದ್ದೇನೆ. ನಾನು ಹೋದ ದಿನ ಇಷ್ಟು ಜನ ಬರುತ್ತಾರೆಯೇ ಎಂದು ಮನಸ್ಸಿನಲ್ಲೇ ಕೂಡಿ ನೋಡಿದೆ. ಎಷ್ಟು ಧಾರಾಳವಾಗಿ ಕೂಡಿದರೂ ಐದು ದಾಟಲಿಲ್ಲ. ಗುರುವಾರ ಬೆಳಿಗ್ಗೆ ಸೋಪು ಕೆಲಸಕ್ಕೆ ಹೊರಡಲು ಬೂಟಿನ ದಾರ ಕಟ್ಟುತ್ತ ಕೂತವನು ಹಾಗೇ ಪಕ್ಕಕ್ಕೆ ವಾಲಿದನಂತೆ. ಯಾರಿಗೂ ತೊಂದರೆ ಕೊಡಲಿಲ್ಲ, ಒಂದು ದಿನ ಆಸ್ಪತ್ರೆ ನೋಡಲಿಲ್ಲ. ಹೋಗುವುದರಲ್ಲೂ ಎಷ್ಟು ಅಚ್ಚುಕಟ್ಟು ಎನಿಸಿ, ಅದಕ್ಕೂ ನನ್ನ ಹೊಟ್ಟೆ ಉರಿಯಿತು.

ಫಿಟ್ಟರುಗಳ ಸಂಘದವರು ಅವನ ಬಗ್ಗೆ ಬರೆದುಕೊಡಲು ಕೇಳಿದ್ದಾರೆ. ಅವರಿಗೆ ಬೇಕಾಗಿರುವುದು ನಾಲ್ಕು ಒಳ್ಳೆಯ ಮಾತು. ನನ್ನ ಹತ್ತಿರ ಇರುವುದು ಒಂದು ಗಾಳಿ ಲೈನಿನ ಕತೆ, ಗಾಳಿ ಒತ್ತಿ ತುಂಬುವ ಕಂಪ್ರೆಸರಿನಿಂದ ಕೆಲಸದ ಬೆಂಚಿಗೆ ಗಾಳಿ ತರುವ ಪೈಪಿನ ಕತೆ.

ಅವನಿಗೆ ಸೋಪು ಎಂಬ ಹೆಸರು ಬಂದದ್ದು ಒಂದು ಬ್ರಷ್‌ನಿಂದ. ಮುಖ ಕ್ಷೌರದ ಹಳೆಯ ಬ್ರಷ್ಷು, ಹಿಡಿಗೆ ತಂತಿ ಸುತ್ತಿದ್ದ. ಹೊಸ ಗಾಳಿ ಲೈನು ಹಾಕಿ ಒತ್ತಡ ತುಂಬಿದ ಮೇಲೆ ತಗಡಿನ ಲೋಟದಲ್ಲಿ ಸೋಪಿನ ನೀರು ಕಲಸಿ, ಒಂದೊಂದು ಜಾಯಿಂಟಿಗೂ ಆ ಬ್ರಷ್ಷಿನಿಂದ ನೊರೆ ಬಳಿದು, ಮೂಗು ತಾಗುವಷ್ಟು ಹತ್ತಿರ ನಿಂತು ಗಾಳಿ ಸೋರಿ ಗುಳ್ಳೆ ಏಳುತ್ತದೆಯೇ ಎಂದು ನೋಡುತ್ತಿದ್ದ. ನಾವೆಲ್ಲ ಹಾಗೆ ಮಾಡುವವರೇ. ಆದರೆ ನಾವು ಒಂದು ಸಲ ಬಳಿದರೆ ಅವನು ಮೂರು ಸಲ ಬಳಿಯುತ್ತಿದ್ದ. ಎತ್ತರದ ಆಳು, ಬಾಗಿಲು ಇಲ್ಲದ ಕಡೆಯೂ ತಲೆ ಬಗ್ಗಿಸಿ ನಡೆಯುತ್ತಿದ್ದ. ಮದುವೆಯಾಗಲಿಲ್ಲ. ಒಡಹುಟ್ಟಿದವರಿಲ್ಲ, ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋದವರು. ಮೆಟ್ಟಿಲಿನ ಕೆಳಗಿನ ಒಂದು ಬಾಡಿಗೆ ಕೋಣೆ, ಒಂದು ಮಂಚ, ಗೋಡೆಯ ಮೊಳೆಗೆ ತೂಗುಹಾಕಿದ ಎರಡು ಅಂಗಿ, ಇಷ್ಟೇ ಅವನ ಸಂಸಾರ. ಹಾಡಲು ಬರುತ್ತಿರಲಿಲ್ಲ, ಆದರೂ ಹಾಡುತ್ತಿದ್ದ. ಹೊಗಳಲು ಬರುತ್ತಿತ್ತು, ಆದರೆ ಹೊಗಳುತ್ತಿರಲಿಲ್ಲ.

ನಾವಿಬ್ಬರೂ ಒಬ್ಬನೇ ಮುದುಕ ಮೇಸ್ತ್ರಿಯ ಕೈಕೆಳಗೆ ಆರು ವರ್ಷ ಪೈಪು ಕಡಿದು ಕೆಲಸ ಕಲಿತವರು. ಮಧ್ಯಾಹ್ನ ಡಬ್ಬಿ ಬಿಚ್ಚಿದರೆ ನಾನು ಇನ್ನೊಂದು ಕೈಯಲ್ಲಿ ಪುಸ್ತಕ ಬಿಚ್ಚುತ್ತಿದ್ದೆ. ಅವನು ನನ್ನನ್ನು "ಪುಸ್ತಕ" ಎಂದೇ ಕರೆಯುತ್ತಿದ್ದ. ಅವನಿಗೆ ಅಕ್ಷರ ಕೂಡಿಸಿ ಓದಲು ಬರುತ್ತಿತ್ತು, ಆದರೆ ಒಂದು ಸಾಲು ಮುಗಿಯುವುದರೊಳಗೆ ಚಹಾ ಆರಿಹೋಗುತ್ತಿತ್ತು. ಇಷ್ಟು ಇದ್ದೂ, ಊರಿನಲ್ಲಿ ಹೊಸ ಕಂಪ್ರೆಸರ್ ಬಂತೆಂದರೆ ಮೊದಲು ಹುಡುಕುವುದು ಅವನನ್ನೇ. ಅವನಿಗೆ ಪುರುಸೊತ್ತಿಲ್ಲ ಎಂದರೆ ನನ್ನನ್ನು. ಟೈರಿನ ಅಂಗಡಿಯವನು ನನ್ನೆದುರಿಗೇ ಹೇಳುತ್ತಿದ್ದ: "ಸೋಪಣ್ಣನ್ನ ಕೆಲಸಕ್ಕೆ ಕರೆದ್ರೆ, ಅವನು ಮುಗಿಸೋ ಹೊತ್ತಿಗೆ ನನ್ನ ತಲೆಗೂದಲು ಬೆಳ್ಳಗಾಗಿರುತ್ತೆ ಕಣಯ್ಯ." ಹಾಗಂದು ಎರಡನೇ ಅಂಗಡಿಗೂ ಅವನನ್ನೇ ಕರೆದ. ಇಂಥ ಜಾಗದಲ್ಲಿ ನಗಬೇಕೋ ಉರಿದುಕೊಳ್ಳಬೇಕೋ ತಿಳಿಯದೆ ನಾನು ಎರಡನ್ನೂ ಮಾಡುತ್ತಿದ್ದೆ.

ಬೇರೆಯವರನ್ನೆಲ್ಲ ಸಹಿಸಿಕೊಂಡೆ. ಸಹಿಸಲಾಗದೇ ಹೋದದ್ದು ನನ್ನ ಅಕ್ಕನ ವಿಷಯ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿ ಬೈದು ಬೆಳೆಸಿದವಳು. ಅವಳ ಬಾಯಲ್ಲಿ ಯಾರಿಗೂ ಹೊಗಳಿಕೆ ಸುಲಭವಾಗಿ ಬರುವುದಿಲ್ಲ. ನಾನು ಶಾಲೆಯಲ್ಲಿ ಮೊದಲನೆಯವನಾಗಿ ಬಂದ ದಿನ "ಎರಡನೆಯವನು ಜ್ವರ ಬಂದು ಮಲಗಿದ್ನಾ?" ಎಂದು ಕೇಳಿದ್ದಳು. ಭಾವನದು ಸೋಫಾ, ಕುರ್ಚಿ ಮಾಡುವ ವರ್ಕ್‌ಶಾಪು. ಭಾವ ಸೊಂಟ ಮುರಿದುಕೊಂಡ ಮೇಲೆ ಅಳತೆ, ಕತ್ತರಿ ಅವನದು, ಉಳಿದದ್ದೆಲ್ಲ ಅಕ್ಕನದು. ಸುತ್ತಿಗೆ, ಮೊಳೆ ಬಿಟ್ಟು ಗಾಳಿಯಿಂದ ನಡೆಯುವ ಪಿನ್ನಿನ ಗನ್ನು ತರೋಣ ಎಂದು ಅವಳು ತೀರ್ಮಾನಿಸಿದಾಗ, ಒಡಹುಟ್ಟಿದ ತಮ್ಮ ನಾನು ಎರಡು ಬೀದಿ ಆಚೆ ಇದೇ ಕೆಲಸ ಮಾಡಿಕೊಂಡು ಕೂತಿದ್ದೆ. ಅವಳು ಸೋಪುವಿಗೆ ಹೇಳಿಕಳಿಸಿದಳು.

"ನಾನೇನು ಸತ್ತು ಹೋಗಿದ್ನಾ?" ಎಂದು ಕೇಳಿದೆ.

"ನೀನು ನನ್ನ ತಮ್ಮ ಕಣೋ. ನಿನ್ನ ಕೆಲಸ ಕೆಟ್ರೆ ನಿನ್ನ ಬೈಬಹುದು, ಬಿಡೋಕಾಗಲ್ಲ. ಅವರಾದ್ರೆ ಬಿಟ್ಟು ಬೇರೆಯವರನ್ನ ಕರೀಬಹುದು."

"ಕೆಡುತ್ತೆ ಅಂತ ಮೊದಲೇ ಗೊತ್ತಾ ನಿನಗೆ?"

"ನಿನ್ನ ಆತುರ ಗೊತ್ತು. ನೀನು ಕಾದಂಬರಿನೂ ಕೊನೇ ಪುಟದಿಂದ ಓದೋನು."

ಅದು ಸುಳ್ಳು. ಒಂದೇ ಒಂದು ಸಲ ಹಾಗೆ ಓದಿದ್ದೆ.

ಸೋಪು ಆ ಕೆಲಸಕ್ಕೆ ಐದು ದಿನ ತೆಗೆದುಕೊಂಡ. ನಾನು ಐದು ದಿನವೂ ಏನಾದರೊಂದು ನೆಪ ಮಾಡಿಕೊಂಡು ಹೋಗಿ ನೋಡಿದೆ. ತಪ್ಪು ಹುಡುಕಲು ಹೋದವನು ನಾನು, ಹಾಗಾಗಿ ಅವನ ಕೆಲಸವನ್ನು ನನ್ನಷ್ಟು ಗಮನವಿಟ್ಟು ನೋಡಿದವರು ಇನ್ನೊಬ್ಬರಿರಲಾರರು. ಕಂಪ್ರೆಸರನ್ನು ಸ್ಪಂಜಿನ ಸುರುಳಿಗಳ ಹಿಂದೆ ಮೂಲೆಗೆ ತಳ್ಳಿ ಜಾಗ ಉಳಿಸಬೇಕೆಂದು ಭಾವನ ಆಸೆ. "ಅದೂ ಉಸಿರಾಡಬೇಕಲ್ಲ ಸ್ವಾಮಿ, ಸ್ಪಂಜಿನ ಧೂಳು ಕುಡಿದ್ರೆ ಕೆಮ್ಮುತ್ತೆ" ಎಂದು ಸೋಪು ಅದನ್ನು ಹೊರಗಿನ ಗಾಳಿಯಾಡುವ ಕೋಣೆಗೆ ಸಾಗಿಸಿದ. ಗೋಡೆಯಿಂದ ಎರಡು ಅಡಿ ದೂರ, ಸಮತಟ್ಟಾದ ನೆಲ, ನಾಲ್ಕು ಕಾಲಿಗೂ ರಬ್ಬರಿನ ಮೆಟ್ಟು. ಯಂತ್ರದಿಂದ ಗೋಡೆಯ ಪೈಪಿಗೆ ಬಾಗುವ ಹೋಸು, ಏಕೆಂದರೆ ಯಂತ್ರ ನಡುಗುತ್ತದೆ, ಗೋಡೆ ನಡುಗುವುದಿಲ್ಲ, ಎರಡನ್ನೂ ಬಿಗಿಯಾಗಿ ಕಟ್ಟಿದರೆ ನಡುವಿನ ಪೈಪು ಸೀಳುತ್ತದೆ. ಟ್ಯಾಂಕಿನ ಸೇಫ್ಟಿ ವಾಲ್ವಿನ ಉಂಗುರ ಎಳೆದು ಅದು ಬುಸ್ ಎಂದು ಉಗುಳುವುದನ್ನು ಭಾವನಿಗೆ ತೋರಿಸಿದ. ಭಾವ ಕೋಲು ಬಿಟ್ಟು ಹಾರಿದ. ಸೊಂಟ ಮುರಿದ ಮೇಲೆ ಅವನು ಅಷ್ಟು ಎತ್ತರ ಹಾರಿದ್ದು ಅದೇ ಮೊದಲು ಎಂದು ಅಕ್ಕ ಈಗಲೂ ನಗುತ್ತಾಳೆ.

ಕಬ್ಬಿಣದ ಪೈಪಿನ ಲೈನನ್ನು ಗೋಡೆಯುದ್ದಕ್ಕೂ ಕೊಂಚ ಇಳಿಜಾರಾಗಿ ತಂದ. ಒತ್ತಿದ ಗಾಳಿ ತಣ್ಣಗಾದಾಗ ನೀರು ಬಿಡುತ್ತದೆ, ಆ ನೀರು ಒಂದು ಕಡೆಗೆ ಹರಿದು ಹೋಗಬೇಕು. ಇಳಿಜಾರು ಸರಿಯಿದೆಯೇ ಎಂದು ನೋಡಲು ಅವನದೊಂದು ರೂಢಿ ಇತ್ತು, ಬೇರೆ ಯಾರೂ ಮಾಡಿದ್ದು ನಾನು ಕಂಡಿಲ್ಲ. ಪ್ರತಿಯೊಂದು ಪೈಪನ್ನು ಕ್ಲಾಂಪಿಗೆ ಕೂರಿಸಿದ ಮೇಲೆ ಅದರೊಳಗೆ ಒಂದು ಗಾಜಿನ ಗೋಲಿ ಬಿಟ್ಟು, ಕಿವಿ ಹಚ್ಚಿ, ಅದು ಉರುಳುತ್ತ ಹೋಗಿ ಆಚೆ ತುದಿಯಲ್ಲಿ ಕೈಗೆ ಬೀಳುವವರೆಗೂ ಕೇಳುತ್ತಿದ್ದ. ಗೋಲಿ ನಡುವೆ ನಿಂತರೆ ಬಿಚ್ಚಿ ಮತ್ತೆ ಕೂರಿಸುತ್ತಿದ್ದ. ಒಂದೊಂದು ಬೆಂಚಿಗೂ ಗಾಳಿಯನ್ನು ಪೈಪಿನ ಮೇಲ್ಭಾಗದಿಂದ ಎತ್ತಿ ಬಾಗಿಸಿ ಕೆಳಗಿಳಿಸಿದ, ನೀರು ಅತ್ತ ಹೋಗದ ಹಾಗೆ. ಕೊನೆಯಲ್ಲಿ ನೀರು ಕೂಡುವ ಗಿಡ್ಡ ಪೈಪು, ಅದಕ್ಕೊಂದು ನಲ್ಲಿ. "ವಾರಕ್ಕೊಂದು ಸಲ ಇದನ್ನ ಬಿಡಬೇಕು ಮೇಡಂ. ನೀವು ಮರೀತೀರ, ನಾನೇ ಸೋಮವಾರ ಬರ್ತೀನಿ" ಎಂದ. ನಿಜಕ್ಕೂ ಪ್ರತಿ ಸೋಮವಾರ ಬಂದ.

ಐದನೇ ದಿನ ಅಕ್ಕ ಗನ್ನು ಹಿಡಿದು ಒಂದು ಕುರ್ಚಿಗೆ ಬಟ್ಟೆ ಹೊಡೆದಳು. ಚಟ್, ಚಟ್, ಚಟ್. ನಂತರ ಲೈನನ್ನು ಒಮ್ಮೆ ನೋಡಿ, "ಪರವಾಗಿಲ್ಲ" ಎಂದಳು. ಅವಳ ಬಾಯಲ್ಲಿ ಅದು ಚಿನ್ನದ ಪದಕ. ನಲವತ್ತು ವರ್ಷ ಅವಳ ತಮ್ಮನಾಗಿದ್ದೂ ನನಗೆ ಸಿಕ್ಕಿರಲಿಲ್ಲ. ಅವತ್ತು ಮನೆಗೆ ಹೋಗುತ್ತ ಒಂದು ನಿರ್ಧಾರ ಮಾಡಿದೆ: ಅವಳು ನಾನು ಹಾಕಿದ ಲೈನನ್ನು ನೋಡಿ ಆ ಮಾತು ಹೇಳಲೇಬೇಕು.

ಎರಡು ವರ್ಷ ಕಾದೆ. ಒಂದು ದೊಡ್ಡ ಸಭಾಂಗಣದ ಇನ್ನೂರು ಕುರ್ಚಿಯ ಕೆಲಸ ಅಕ್ಕನಿಗೆ ಬಂತು, ಮೂರು ವಾರದಲ್ಲಿ ಮುಗಿಯಬೇಕು. ಹಿಂದಿನ ಖಾಲಿ ಶೆಡ್ಡಿನಲ್ಲಿ ಇನ್ನೂ ನಾಲ್ಕು ಬೆಂಚು ಹಾಕಬೇಕು, ಅಲ್ಲಿಗೂ ಗಾಳಿ ಬೇಕು. ಸೋಪು ಬಂದು ಅಳೆದು "ಐದು ದಿನ" ಎಂದನಂತೆ. ಅಕ್ಕ ನನ್ನತ್ತ ತಿರುಗಿದಳು. "ಒಂದೂವರೆ ದಿನ" ಎಂದೆ.

ಒಂದೂವರೆ ದಿನದಲ್ಲಿ ಹಾಕಿದೆ. ಹೇಗೆ ಹಾಕಿದೆ ಎಂದು ಕೇಳಿ. ನೀರಿಗೆ ಹಾಕುವ ಬಿಳಿ ಪ್ಲಾಸ್ಟಿಕ್ ಪೈಪು ತಂದೆ. ಹಗುರ, ಗರಗಸ ಆಡಿಸಿದರೆ ತುಂಡಾಗುತ್ತದೆ, ಅಂಟು ಹಚ್ಚಿದರೆ ಕೂಡುತ್ತದೆ. ಪೈಪಿನ ಮೈಮೇಲೆಯೇ ಅಚ್ಚಾಗಿತ್ತು, ಹತ್ತು ಕಿಲೋ ಒತ್ತಡ ತಡೆಯುತ್ತದೆ ಎಂದು. ಅಕ್ಕನ ಕಂಪ್ರೆಸರ್ ಕೊಡುವುದು ಏಳು. ಏಳಕ್ಕಿಂತ ಹತ್ತು ದೊಡ್ಡದು. ಅಚ್ಚಾದದ್ದನ್ನೆಲ್ಲ ನಂಬುತ್ತ ಬಂದವನು ನಾನು, ಅದನ್ನೂ ನಂಬಿದೆ. ಗೋಡೆಯ ಮೇಲೆ ನೇರವಾಗಿ, ಬೆಳ್ಳಗೆ, ಗೆರೆ ಎಳೆದ ಹಾಗೆ ಬಂತು. ಅಕ್ಕ ಆ ಲೈನಿನ ಕೆಳಗಿನ ಮೊದಲನೇ ಬೆಂಚಿನಲ್ಲಿ ತಾನೇ ಕೂತು ನಾಲ್ಕು ಪಿನ್ನು ಹೊಡೆದಳು. ತಲೆಯೆತ್ತಿ ನೋಡಿದಳು.

"ಪರವಾಗಿಲ್ವೇ. ಅವರದ್ದಕ್ಕಿಂತ ನೀಟಾಗಿದೆ."

ಅವತ್ತು ಮನೆಗೆ ಹತ್ತಿರದ ದಾರಿ ಬಿಟ್ಟು ಬಳಸು ದಾರಿಯಲ್ಲಿ ಹೋದೆ. ಆ ಮಾತು ಬೇಗ ಮುಗಿದುಹೋಗಬಾರದು ಎಂದು.

ಮೂರನೇ ದಿನ ಸೋಮವಾರ. ಹನ್ನೊಂದು ಗಂಟೆಗೆ ಅಕ್ಕನ ಫೋನು. "ನಿನ್ನ ಸ್ನೇಹಿತ ನನ್ನ ಶೆಡ್ಡಿನ ಗಾಳಿಗೆ ಬೀಗ ಹಾಕಿ ಕೂತಿದ್ದಾನೆ. ಅದೇನು ಕೇಳು ಬಾ."

ಹಿಂದಿನ ಶೆಡ್ಡಿಗೆ ಗಾಳಿ ಹೋಗುವ ವಾಲ್ವು ಮುಚ್ಚಿತ್ತು. ಅದರ ಹಿಡಿಗೆ ಸೋಪುವಿನ ಕೆಂಪು ಬೀಗ. ನಮ್ಮ ಕಸುಬಿನಲ್ಲಿ ಮುದುಕ ಮೇಸ್ತ್ರಿ ಮೊದಲ ದಿನ ಕಲಿಸಿದ ಪಾಠ ಇದೊಂದೇ: ಸ್ವಿಚ್ಚಿಗೋ ವಾಲ್ವಿಗೋ ಒಬ್ಬ ಬೀಗ ಹಾಕಿದ್ದರೆ ಅವನು ತೆಗೆಯುವವರೆಗೆ ಇನ್ನೊಬ್ಬ ಮುಟ್ಟಬಾರದು. ಆ ಬೀಗದ ಆಚೆ, ಯಂತ್ರದೊಳಗೆ, ಯಾರದೋ ಕೈ ಇರುತ್ತದೆ. ಈ ಬೀಗದ ಕೈ ಸೋಪುವಿನ ಕೊರಳಿನ ದಾರದಲ್ಲಿತ್ತು. ಅವನು ಅಕ್ಕನಿಗೆ ಹೇಳಿದ್ದು ಬೇರೆಯೇ: "ಎರಡು ಶೆಡ್ಡಿಗೂ ಗಾಳಿ ಸಾಲ್ತಿಲ್ಲ ಮೇಡಂ, ಮೋಟಾರು ಸುಟ್ಟುಹೋಗುತ್ತೆ. ಸಣ್ಣ ಮಷೀನು ಸಾಕು ಅಂತ ಹೇಳಿದ್ದು ನಾನೇ, ತಪ್ಪು ನಂದು. ಒಂದು ವಾರ ಕೊಡಿ."

ನನ್ನನ್ನು ಬೀದಿಯ ಚಹಾದಂಗಡಿಗೆ ಕರೆದುಕೊಂಡು ಹೋದ. ಕೂರುವ ಮೊದಲೇ, "ಬಿಚ್ಚು ಅದನ್ನ" ಎಂದ.

"ಯಾಕೆ?"

"ಪ್ಲಾಸ್ಟಿಕ್ಕಲ್ಲಿ ಗಾಳಿ ಬಿಡಬಾರದು. ಇವತ್ತೇ ಒಡೆಯುತ್ತೆ ಅಂತ ನಾನು ಹೇಳಲ್ಲ. ಬಿಸಿ ತಾಗುತ್ತೆ, ಮಷೀನಿನ ಎಣ್ಣೆ ತಾಗುತ್ತೆ, ಒಳಗೊಳಗೇ ಸೊರಗುತ್ತೆ. ಒಂದು ದಿನ ಯಾರೋ ಏಣಿ ತಾಗಿಸ್ತಾರೆ. ನಿಮ್ಮಕ್ಕ ಅದರ ಕೆಳಗೇ ಕೂತಿರ್ತಾರೆ."

"ಹತ್ತು ಕಿಲೋ ಅಂತ ಅದರ ಮೇಲೇ ಬರೆದಿದೆ."

"ಅದು ನೀರಿಗೆ ಬರೆದದ್ದು."

"ನೀರಿಗೆ ಅಂತ ಬರೆದಿಲ್ಲ. ಓದೋಕೆ ಬರುತ್ತಾ ನಿನಗೆ?"

ಹತ್ತಿರದ ಮೇಜಿನವರು ತಿರುಗಿ ನೋಡಿದರು. ಅವನು ಲೋಟ ಕೆಳಗಿಟ್ಟ. ನಾನು ನಿಲ್ಲಿಸಲಿಲ್ಲ. "ನಿನಗೆ ಹೊಟ್ಟೆಕಿಚ್ಚು. ಇಷ್ಟು ವರ್ಷ ಎಲ್ಲರೂ ನಿನ್ನನ್ನೇ ಹೊತ್ಕೊಂಡು ಮೆರೆಸಿದ್ರು. ಒಬ್ಬಳು ನನ್ನ ಕೆಲಸ ನಿನ್ನದಕ್ಕಿಂತ ಚೆನ್ನ ಅಂದ್ಲು ಅಂತ ನಿನ್ನ ಹೊಟ್ಟೆ ಉರೀತಿದೆ."

"ನಾನೇ ಬಿಚ್ಚಬಹುದು" ಎಂದ ಅವನು ನಿಧಾನವಾಗಿ. "ಬಿಚ್ಚಿದ್ರೆ ಯಾಕೆ ಅಂತ ಅವರು ಕೇಳ್ತಾರೆ. ನೀನೇ ಬಿಚ್ಚು. ಅಲ್ಲಿವರೆಗೂ ಬೀಗ ಇರುತ್ತೆ."

ನಾನು ಬಿಚ್ಚಲಿಲ್ಲ. ಆ ವಾರವಿಡೀ ಹಿಂದಿನ ಶೆಡ್ಡಿನ ಕೆಲಸದವರು ಮುಂದಿನ ಶೆಡ್ಡಿನಲ್ಲಿ ಒಬ್ಬರ ಮೊಣಕೈ ಇನ್ನೊಬ್ಬರಿಗೆ ತಾಗುವಂತೆ ಕೂತು ಸುತ್ತಿಗೆಯಲ್ಲಿ ಮೊಳೆ ಹೊಡೆದರು. ಸೋಪು ದಿನಾ ಬೆಳಿಗ್ಗೆ ಬೀಗ ನೋಡಲು ಬರುತ್ತಿದ್ದ, ದಿನಾ ಬೈಸಿಕೊಳ್ಳುತ್ತಿದ್ದ. ಮೊದಲ ದಿನ ಅಕ್ಕ ಮರ್ಯಾದೆಯಿಂದ ಬೈದಳು. ಎರಡನೇ ದಿನಕ್ಕೆ ಮರ್ಯಾದೆ ಮುಗಿದಿತ್ತು. "ಏನಯ್ಯ, ಬಂದ್ಯಾ ದಂಡಪಿಂಡ? ಆನೆ ಹಾಗೆ ಬೆಳೆದಿದ್ದೀಯ, ಒಂದು ಮಷೀನಿನ ಅಳತೆ ಗೊತ್ತಾಗಲ್ವಾ ನಿನಗೆ? ನಿಂತ್ಕೊಂಡು ಹಲ್ಲು ಕಿರೀಬೇಡ, ಆ ಕುರ್ಚಿ ಎತ್ತಿ ಆ ಕಡೆ ಇಡು!" ಅವನು ಕುರ್ಚಿ ಎತ್ತಿ ಆ ಕಡೆ ಇಡುತ್ತಿದ್ದ. ತಲೆ ಬಗ್ಗಿಸಿಯೇ ಇರುತ್ತಿದ್ದ, ಅವನು ಯಾವಾಗಲೂ ಹಾಗೇ ಇರುವವನು.

ನಾನು ಪಕ್ಕದಲ್ಲೇ ನಿಂತು ಕೇಳುತ್ತಿದ್ದೆ. ಇಷ್ಟು ವರ್ಷದಲ್ಲಿ ಅವನಿಗೆ ಬೈಗುಳ ಬಿದ್ದದ್ದನ್ನು ನಾನು ಕಂಡಿರಲಿಲ್ಲ, ಕಣ್ಣು ತುಂಬ ನೋಡಿದೆ. ನನ್ನ ಹೆಂಡತಿಗೆ ಇದು ಬೇಗ ಗೊತ್ತಾಯಿತು. "ಬೈಸಿಕೊಳ್ತಿರೋದು ಅವರು. ನಿಮ್ಮ ಮುಖ ಯಾಕೆ ಹೀಗೆ ಹೊಳೀತಿದೆ?" ಎಂದಳು. "ಆ ಮನುಷ್ಯ ಸುಮ್ಮಸುಮ್ಮನೆ ಬೀಗ ಹಾಕಲ್ಲ ರೀ. ನಿಮಗೂ ಅದು ಗೊತ್ತು."

ಗೊತ್ತಿತ್ತು. ಗೊತ್ತಿದ್ದದ್ದೇ ಕಷ್ಟವಾಗಿತ್ತು. ಅಕ್ಕನ ಆ ಒಂದು ಮಾತು ಪೈಪಿನ ಜೊತೆಗೇ ಗೋಡೆಯಿಂದ ಇಳಿದುಬಿಡುತ್ತದೆ ಎಂಬುದೊಂದೇ ನನಗೆ ಕಾಣುತ್ತಿತ್ತು. ಕೆಳಗೆ ಕೂರುವ ಅಕ್ಕ ಕಾಣುತ್ತಿರಲಿಲ್ಲ.

ಏಳನೇ ದಿನ ವರ್ಕ್‌ಶಾಪಿಗೆ ರಜೆ. ಬೆಳಿಗ್ಗೆ ಒಂಬತ್ತಕ್ಕೆ ನಾನು ಕಬ್ಬಿಣದ ಗರಗಸ ತೆಗೆದುಕೊಂಡು, ಭಾವನ ಹತ್ತಿರ ವರ್ಕ್‌ಶಾಪಿನ ಬಾಗಿಲ ಕೀಲಿ ಇಸಿದುಕೊಂಡು ಹೋದೆ, ಬೀಗ ಕೊಯ್ಯಲು. ಇಪ್ಪತ್ತು ವರ್ಷ ಕಸುಬು ಮಾಡಿದವನು ಇನ್ನೊಬ್ಬನ ಬೀಗಕ್ಕೆ ಗರಗಸ ಇಡಲು ಹೊರಟಿದ್ದೆ. ಸೋಮವಾರದ ಕೆಲಸಕ್ಕೆಂದು ಅಕ್ಕ ಎಂದೋ ಕೊಟ್ಟಿದ್ದ ಇನ್ನೊಂದು ಕೀಲಿಯಿಂದ ಒಳಗೆ ಬಂದು, ವಾಲ್ವಿನ ಕೆಳಗೆ ಬಕೆಟ್ಟು ಕವುಚಿ ಹಾಕಿ ಸೋಪು ಕೂತಿದ್ದ.

"ಬಾ ಪುಸ್ತಕ" ಎಂದ. "ನೀನು ಇವತ್ತು ಬರ್ತೀಯ ಅಂದ್ಕೊಂಡಿದ್ದೆ. ಬೇರೆ ದಿನ ಜನ ಇರ್ತಾರೆ."

"ಏಳು. ನಾನು ಅದನ್ನ ಕೊಯ್ತೀನಿ."

"ಕೊಯ್ಯಿ. ಅದಕ್ಕೆ ಮೊದಲು ನಿನ್ನ ಒಂದು ಮಾತಿಗೆ ಉತ್ತರ ಕೊಡಬೇಕು. ಹೊಟ್ಟೆಕಿಚ್ಚು ಅಂದ್ಯಲ್ಲ ಅವತ್ತು. ಇಲ್ಲ ಅಂದಿದ್ದೀನಾ ನಾನು? ಇದೆ. ಆದ್ರೂ ಪೈಪು ಒಡೆಯುತ್ತೆ."

ಗರಗಸವನ್ನು ನೆಲಕ್ಕಿಟ್ಟೆ. "ತೋರಿಸು" ಎಂದೆ.

ಅವನು ನನ್ನದೇ ಪೈಪಿನಲ್ಲಿ ಮಿಕ್ಕಿದ್ದ ಎರಡು ತುಂಡು ತಂದ. ಎರಡೂ ಮೊಳದುದ್ದ, ಎರಡು ತುದಿಗೂ ಮುಚ್ಚಳ, ಒಂದು ಮುಚ್ಚಳದಲ್ಲಿ ತುಂಬಲು ಬಾಯಿ. ಹಿತ್ತಿಲಿನಲ್ಲಿ ಒಂದು ಖಾಲಿ ಕಬ್ಬಿಣದ ಡ್ರಮ್ಮು ನಿಲ್ಲಿಸಿ, ಒಳಗೆ ಸುತ್ತಲೂ ಹಿಂದೆ ಹಲಗೆಯಿದ್ದ ಹಳೆಯ ಸೋಫಾದ ಮೆತ್ತೆ ಇಟ್ಟ. ಮೇಲೆ ಮರದ ತೊಲೆಗೆ ಹಗ್ಗ ಹಾಕಿ ಒಂದು ಕಬ್ಬಿಣದ ಗುಂಡು ತೂಗುಬಿಟ್ಟ. ಹಗ್ಗದ ಇನ್ನೊಂದು ತುದಿ ಇಟ್ಟಿಗೆ ಗೋಡೆಯ ಆಚೆ, ನಾವು ನಿಲ್ಲುವ ಕಡೆ. ಕಣ್ಣಿಗೆ ಕನ್ನಡಕ ಹಾಕಿಸಿದ. ಇದಕ್ಕೂ ಒಂದು ಗಂಟೆ ತೆಗೆದುಕೊಂಡ, ನನಗೆ ಬೈಯಬೇಕೆನಿಸಿತು.

ಮೊದಲ ತುಂಡಿಗೆ ಕೈಪಂಪಿನಿಂದ ನೀರು ತುಂಬಿ ಏಳು ಕಿಲೋ ಒತ್ತಡ ಕೊಟ್ಟ. ಡ್ರಮ್ಮಿನೊಳಗಿಟ್ಟು, ಗೋಡೆಯ ಹಿಂದೆ ಬಂದು ಹಗ್ಗ ಬಿಟ್ಟ. ಠಕ್ ಎಂದಿತು. ಹೋಗಿ ನೋಡಿದರೆ ಪೈಪು ಉದ್ದಕ್ಕೆ ಸೀಳಿತ್ತು, ಮೆತ್ತೆ ಒದ್ದೆಯಾಗಿತ್ತು. ಅಷ್ಟೇ.

"ನೋಡಿದ್ಯಾ, ಏನೂ ಆಗಲಿಲ್ಲ" ಎಂದೆ.

"ನೀರನ್ನ ಅಮುಕೋಕೆ ಆಗಲ್ಲ. ಅದಕ್ಕೇ ಸೀಳು ಬಿಟ್ಟ ಕೂಡಲೇ ಅದರ ಜೋರು ಮುಗೀತು."

ಎರಡನೇ ತುಂಡಿಗೆ ಹೋಸಿನಿಂದ ಗಾಳಿ, ಅದೇ ಏಳು ಕಿಲೋ, ಗೋಡೆಯ ಈಚೆಯಿಂದ. ಅವನು ಹಗ್ಗವನ್ನು ನನ್ನ ಕೈಗೆ ಕೊಟ್ಟ. ನಾನು ಬಿಟ್ಟೆ.

ಆ ಸದ್ದು ಬರೆಯಲು ನನಗೆ ಬರುವುದಿಲ್ಲ. ಬೀದಿಯ ಆಚೆ ಯಾರದೋ ಕಿಟಕಿ ತೆರೆದುಕೊಂಡಿತು. ಡ್ರಮ್ಮಿನ ಹತ್ತಿರ ಹೋದಾಗ ಒಳಗೆ ಪೈಪು ಇರಲಿಲ್ಲ. ಮೆತ್ತೆಗಳ ತುಂಬ ಬಿಳಿ ಚೂರು ಚುಚ್ಚಿಕೊಂಡಿತ್ತು, ಬೆರಳುದ್ದ, ಉಗುರಿನಷ್ಟು, ಸೂಜಿಯಷ್ಟು. ಒಂದು ಚೂರು ಬಟ್ಟೆ, ಸ್ಪಂಜು ಎರಡನ್ನೂ ದಾಟಿ ಹಿಂದಿನ ಹಲಗೆಯಲ್ಲಿ ನಾಟಿತ್ತು. ಎಳೆದೆ, ಬರಲಿಲ್ಲ. ಆ ಮೆತ್ತೆ ಒಂದು ಕಾಲದಲ್ಲಿ ಅಕ್ಕನೇ ಹೊಲಿದದ್ದು, ಅಂಚಿನ ಹೊಲಿಗೆ ನೋಡಿದರೆ ನನಗೆ ಗೊತ್ತಾಗುತ್ತದೆ.

"ಗಾಳಿನ ನಾವು ಅಮುಕಿ ಅಮುಕಿ ತುಂಬಿರ್ತೀವಿ" ಎಂದ ಸೋಪು. "ದಾರಿ ಸಿಕ್ಕಿದ್ರೆ ಅಷ್ಟೂ ಒಂದೇ ಸಲ ಹೊರಗೆ ಬರುತ್ತೆ. ಕಬ್ಬಿಣ ಆದ್ರೆ ಸೀಳು ಬಿಟ್ಟು ಕಿರುಚುತ್ತೆ. ಇದು ಚೂರಾಗುತ್ತೆ."

ನಾನು ಡ್ರಮ್ಮಿನ ಅಂಚು ಹಿಡಿದುಕೊಂಡು ಕೂತೆ. ಅವನು ಕೊರಳಿನಿಂದ ಬೀಗದ ಕೈ ತೆಗೆದು ನನ್ನ ತೊಡೆಯ ಮೇಲಿಟ್ಟು, ಏಣಿ ತರಲು ಹೋದ.

ಅವತ್ತು, ಮಾರನೆಯ ದಿನ, ಅದರ ಮಾರನೆಯ ದಿನ, ಇಬ್ಬರೂ ಸೇರಿ ಪ್ಲಾಸ್ಟಿಕ್ಕು ಇಳಿಸಿ ಕಬ್ಬಿಣದ ಲೈನು ಹಾಕಿದೆವು. ಪ್ರತಿ ಪೈಪಿಗೂ ಗೋಲಿ ಬಿಟ್ಟ. ಒಂದು ಕಡೆ ನಾನು ಕೂರಿಸಿದ ಪೈಪಿನಲ್ಲಿ ಗೋಲಿ ನಿಂತಿತು. "ನಿಂತ್ಕೊಂತು" ಎಂದ. ಬಿಚ್ಚಿ ಮತ್ತೆ ಕೂರಿಸಿದೆ.

ಅಕ್ಕ ಸೋಮವಾರ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಇದೇನೋ, ಹಾಕಿದ್ದನ್ನ ಕಿತ್ತು ಮತ್ತೆ ಹಾಕ್ತಿದ್ದೀರ?"

ನಾನು ಬಾಯಿ ತೆರೆದೆ. ಸೋಪು ಏಣಿಯ ಮೇಲಿನಿಂದಲೇ ಹೇಳಿಬಿಟ್ಟ: "ಇವನೇ ಅಂದ ಮೇಡಂ, ಅರ್ಜೆಂಟಿಗೆ ಹಾಕಿದ್ದೆ, ಈಗ ಗಟ್ಟಿ ಲೈನು ಹಾಕ್ತೀನಿ, ಆಗ ನೀನು ಕೊಡಿಸಿದ ಮಷೀನಿಗೂ ಸಲೀಸು ಅಂತ. ನಾನು ಬರೀ ಪೈಪು ಹಿಡ್ಕೊಂಡಿರೋದು."

"ಹಿಡ್ಕೊಳ್ಳೋದಾದ್ರೂ ಬರುತ್ತಲ್ಲ, ಸದ್ಯ" ಎಂದಳು ಅಕ್ಕ.

ನಾನು ಬಾಯಿ ಮುಚ್ಚಿದೆ. ಅದನ್ನು ಒಂಬತ್ತು ವರ್ಷ ತೆರೆಯಲಿಲ್ಲ.

ಆ ಸಂಜೆ ಕೈ ತೊಳೆಯುವಾಗ ಅವನನ್ನು ಕೇಳಿದೆ, "ಹೊಟ್ಟೆಕಿಚ್ಚು ಇದೆ ಅಂದ್ಯಲ್ಲ. ನನ್ನ ಮೇಲೆ ನಿನಗೆ ಎಂಥ ಹೊಟ್ಟೆಕಿಚ್ಚು? ನೀಟಾಗಿದೆ ಅಂದಿದ್ದಕ್ಕಾ?"

ಅವನು ಬೆರಳುಗಳ ಸಂದಿಯ ಎಣ್ಣೆ ಉಜ್ಜುತ್ತ ಹೇಳಿದ: "ಅದಕ್ಕಲ್ಲ. ನಿನ್ನ ಬೈಯೋಕೆ ಒಬ್ಬರಿದ್ದಾರೆ. ನನಗೆ ಊರೆಲ್ಲ 'ಅಣ್ಣಾ, ಬನ್ನಿ, ಕೂತ್ಕೊಳ್ಳಿ' ಅಂತಾರೆ. ಬಾಗಿಲಲ್ಲೇ ನಿಲ್ಲಿಸಿಕೊಂಡು ಬೈಯೋರು ಯಾರೂ ಇರಲಿಲ್ಲ. ಈ ಏಳು ದಿನ ನನಗೂ ಒಬ್ಬಳು ಅಕ್ಕ ಇದ್ಲು. ಬೇಕು ಅಂತಾನೇ ದಿನಾ ಬಂದೆ. ಬೀಗ ಎಲ್ಲಿಗೂ ಓಡಿಹೋಗ್ತಿರಲಿಲ್ಲ." ಹೇಳಿ ನಕ್ಕ. ನಂತರ ಹಾಡಲು ಶುರು ಮಾಡಿದ, ಎಂದಿನಂತೆ ಶ್ರುತಿ ಬಿಟ್ಟು.

ಇದಾದ ಮೇಲೆ ನಾನು ಬದಲಾದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಬದಲಾದದ್ದು ಒಂದೇ, ಮತ್ತೆ ಗಾಳಿಗೆ ಪ್ಲಾಸ್ಟಿಕ್ ಹಾಕಲಿಲ್ಲ. ಹೊಟ್ಟೆಕಿಚ್ಚು ಹೋಗಲಿಲ್ಲ, ಹೆಚ್ಚಾಯಿತು. ಮೊದಲು ಅವನ ಕೆಲಸದ ಮೇಲೆ ಮಾತ್ರ ಇತ್ತು. ಈಗ ಅವನ ಗುಣದ ಮೇಲೂ ಬಂತು. ಕೆಲಸವನ್ನಾದರೆ ನೋಡಿ ಕಲಿಯಬಹುದು.

ಅವನನ್ನು ಕಳಿಸಿಕೊಟ್ಟ ಮೂರನೇ ದಿನ ಅಕ್ಕನ ವರ್ಕ್‌ಶಾಪಿಗೆ ಹೋಗಿದ್ದೆ. ಅವಳು ಹಿಂದಿನ ಶೆಡ್ಡಿನ ಅದೇ ಮೊದಲನೇ ಬೆಂಚಿನಲ್ಲಿದ್ದಳು. ಅತ್ತು ಕಣ್ಣು ಊದಿತ್ತು, ಕೈ ನಿಂತಿರಲಿಲ್ಲ. ಬಟ್ಟೆ ಎಳೆದು ಹಿಡಿದು ಪಿನ್ನು ಹೊಡೆಯುತ್ತಲೇ ಹೇಳಿದಳು:

"ಒಳ್ಳೇ ಮನುಷ್ಯ. ಆದ್ರೆ ಒಂದು ಮಾತು ಹೇಳ್ತೀನಿ, ಸತ್ತವರ ಬಗ್ಗೆ ಅಂತ ತಪ್ಪು ತಿಳ್ಕೋಬೇಡ. ಅವನ ಮುಂದಿನ ಶೆಡ್ಡಿನ ಲೈನಿಗಿಂತ ಈ ನಿನ್ನ ಲೈನೇ ಚೆನ್ನಾಗಿದೆ ಕಣೋ. ಒಂಬತ್ತು ವರ್ಷ ಆಯ್ತು, ಒಂದು ಹನಿ ನೀರು ಗನ್ನಿಗೆ ಬಂದಿಲ್ಲ, ಒಂದು ಕಡೆ ಸೋರಿಲ್ಲ. ಇಷ್ಟು ದಿನ ಹೇಳಲಿಲ್ಲ, ನಿನಗೆ ಕೊಬ್ಬು ಬರುತ್ತೆ ಅಂತ. ನೀನು ನಿಜವಾಗ್ಲೂ ಒಳ್ಳೇ ಕೆಲಸಗಾರ."

ಐವತ್ತು ವರ್ಷ ಕಾದಿದ್ದ ಮಾತು. ಪೂರ್ತಿಯಾಗಿ, ಕೊಂಕಿಲ್ಲದೆ ಬಂತು. ನನ್ನ ಹೆಸರಿಗೇ ಬಂತು. ಆದರೆ ಅದು ನೇರವಾಗಿ ಮೆಟ್ಟಿಲಿನ ಕೆಳಗಿನ ಸೋಪುವಿನ ಖಾಲಿ ಕೋಣೆಗೆ ಹೋಯಿತು. ನನಗೆ ಸಿಕ್ಕ ಹೊಗಳಿಕೆಗೆ ನಾನೇ ಹೊಟ್ಟೆ ಉರಿದುಕೊಳ್ಳಬೇಕಾಗಿ ಬಂದದ್ದು ಅದೊಂದೇ ಸಲ.

"ಅಕ್ಕ, ಆ ಗನ್ನು ಕೆಳಗಿಡು" ಎಂದೆ.

ಎಲ್ಲ ಹೇಳಿದೆ. ಪ್ಲಾಸ್ಟಿಕ್ಕು, ಬೀಗ, ಚಹಾದಂಗಡಿಯಲ್ಲಿ ನಾನು ಆಡಿದ ಮಾತು, ಗರಗಸ, ಡ್ರಮ್ಮು. ಮೆತ್ತೆ ನನ್ನ ಮನೆಯ ಅಟ್ಟದ ಮೇಲೆ ಇನ್ನೂ ಇದೆ ಎಂದೆ. ಅವಳು ಒಂದು ಸಲ ತಲೆಯೆತ್ತಿ ತನ್ನ ಮೇಲೆ ಹಾದುಹೋಗಿದ್ದ ಪೈಪನ್ನು ನೋಡಿದಳು. ನನ್ನ ಮೇಲೆ ಹಾರಿ ಬೀಳುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಬೇರೆ.

"ಹಾಗಾದ್ರೆ ಅವನನ್ನ ಏಳು ದಿನ ಬೈದೆನಲ್ಲೋ ನಾನು."

"ಹೂಂ."

"ದಂಡಪಿಂಡ ಅಂದೆ. ತಪ್ಪಾಯ್ತು ಅಂತ ಒಂದು ದಿನ ನಾನು ಅನ್ನಲಿಲ್ಲ. ಪ್ರತಿ ಸೋಮವಾರ ಬರ್ತಿದ್ದ, ಇಲ್ಲೇ ನಿಂತ್ಕೋತಿದ್ದ. ಒಂಬತ್ತು ವರ್ಷ. ನೀನು ಹೇಳಿದ್ದಿದ್ರೆ ಒಂದು ಮಾತು ಅಂತಿದ್ದೆ. ಈಗ ಯಾರಿಗೆ ಅನ್ನಲಿ?"

ಅದು ನನಗೆ ಹೊಳೆದಿರಲೇ ಇಲ್ಲ. ನಾನು ಕದ್ದಿಟ್ಟುಕೊಂಡದ್ದು ಅವನ ಹೆಸರನ್ನು ಮಾತ್ರ ಎಂದುಕೊಂಡಿದ್ದೆ. ಅವಳಿಂದಲೂ ಕದ್ದಿದ್ದೆ.

ಆಗ, ಕೈ ತೊಳೆಯುವಾಗ ಅವನು ಹೇಳಿದ್ದನ್ನು ಅವಳಿಗೆ ಹೇಳಿದೆ. ಏಳು ದಿನ ನನಗೂ ಒಬ್ಬಳು ಅಕ್ಕ ಇದ್ಲು, ಬೇಕು ಅಂತಾನೇ ದಿನಾ ಬಂದೆ. ಅಕ್ಷರಶಃ ಅವನ ಮಾತಿನಲ್ಲೇ ಹೇಳಿದೆ. ಅವಳು ಸೆರಗಿನಲ್ಲಿ ಮೂಗು ಒರೆಸಿಕೊಂಡಳು. ಬೆಂಚಿನ ಮೇಲಿದ್ದ ಪಿನ್ನುಗಳನ್ನು ಬೆರಳಿನಿಂದ ಒಂದು ಕಡೆಗೆ ಗುಡ್ಡೆ ಮಾಡಿದಳು.

"ಕಳ್ಳ" ಎಂದಳು ಕೊನೆಗೆ, ನನಗಲ್ಲ, ಅವನಿಗೆ. "ಮೊದಲೇ ಹೇಳಿದ್ರೆ ಪ್ರತಿ ಸೋಮವಾರ ಬೈತಿರಲಿಲ್ವಾ ನಾನು?"

ಆ "ಕಳ್ಳ" ಎಂಬ ಮಾತಿನಲ್ಲಿದ್ದದ್ದು ನನಗೆ ಯಾವತ್ತೂ ಸಿಕ್ಕಿಲ್ಲ. ಅಲ್ಲಿ ನಿಂತು, ಸತ್ತ ಗೆಳೆಯನಿಗಾಗಿ ಕಣ್ಣಲ್ಲಿ ನೀರು ಬರುತ್ತಿರುವಾಗಲೇ, ಅದರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

"ಇವತ್ತು ಸೋಮವಾರ" ಎಂದಳು ಅಕ್ಕ. ನನ್ನತ್ತ ನೋಡಲಿಲ್ಲ. "ಆ ನಲ್ಲಿ ಬಿಡೋಕೆ ಯಾರೂ ಬಂದಿಲ್ಲ."

ಶೆಡ್ಡಿನ ತುದಿಗೆ ಹೋಗಿ ಬಗ್ಗಿ ನಲ್ಲಿ ತಿರುಗಿಸಿದೆ. ವಾರದ ನೀರು ನೆಲಕ್ಕೆ ಬಿತ್ತು, ಒಂದು ಲೋಟದಷ್ಟು, ಕೊಂಚ ತುಕ್ಕಿನ ಬಣ್ಣ. ಅದರ ಹಿಂದೆ ಗಾಳಿ. ಅದು ಪೂರ್ತಿ ಒಣಗುವವರೆಗೆ ಕೈ ಅಡ್ಡ ಹಿಡಿದು ನಿಂತೆ, ಆಮೇಲೆ ಮುಚ್ಚಿದೆ.

"ಸರಿಯಾಗಿ ಮುಚ್ಚಿದ್ಯೇನೋ?" ಎಂದು ಅಕ್ಕ ಅಲ್ಲಿಂದಲೇ ಕೂಗಿದಳು.

ಸೋಪುವಿನ ಸಾಮಾನಿನ ಚೀಲವನ್ನು ಅವನ ಮನೆಯ ಮಾಲೀಕರು ನನಗೇ ಕೊಟ್ಟಿದ್ದರು, ಅದು ಹೆಗಲಲ್ಲೇ ಇತ್ತು. ಅದರಿಂದ ಬ್ರಷ್ಷು ತೆಗೆದು, ತಗಡಿನ ಲೋಟದಲ್ಲಿ ಸೋಪಿನ ನೀರು ಕಲಸಿ, ನಲ್ಲಿಗೆ ಬಳಿದೆ. ಗುಳ್ಳೆ ಏಳಲಿಲ್ಲ. ಇನ್ನೊಂದು ಸಲ ಬಳಿದೆ. ಮತ್ತೊಂದು ಸಲ.